ಪ್ರತಿವಾದಿ

ಮಗ ನನ್ನ ಮೇಲೆ ದಾವೆ ಹೂಡಿದ್ದಾನೆ.
ಡಿಪೋದಲ್ಲಿ ಹಾಗೆಂದಾಗ
ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.
ಆಸ್ತಿಗಾ? ಅಂದಳು ಗ್ರಾಜಿನಾ.
ಎಲ್ಲಿಯ ಆಸ್ತಿ. ನಾಲ್ಕನೇ ಮಹಡಿ, ಎರಡು ಕೋಣೆ, ಅದೂ ಬಾಡಿಗೆಯದು.

ಇಪ್ಪತ್ತಾರು ವರ್ಷದ ಹಿಂದೆ
ಹೆರಿಗೆ ಆಸ್ಪತ್ರೆಯಲ್ಲಿ ಯಾರೋ ಆಕಳಿಸುತ್ತ ಬರೆದುಕೊಂಡ
ಒಂದು ಪದವನ್ನು ತಿದ್ದಬೇಕು, ಅಷ್ಟೆ.
ತಿದ್ದಲು ಈ ದೇಶದಲ್ಲಿ ರಬ್ಬರಿಲ್ಲ,
ನ್ಯಾಯಾಲಯವಿದೆ.
ಹೆತ್ತವರನ್ನು ಎದುರಾಳಿ ಮಾಡಿ ತಂದರೆ ಮಾತ್ರ
ಅದು ಬಾಗಿಲು ತೆಗೆಯುತ್ತದೆ.

ದಾವೆಯ ಪ್ರತಿಯನ್ನು ಅವನೇ ತಂದುಕೊಟ್ಟ,
ಜೊತೆಗೆ ಗಸಗಸೆ ಕೇಕು.
ಅಮ್ಮಾ, ನಿನ್ನ ಹೆಸರಿನ ಕಾಗುಣಿತ ಸರಿಯಿದೆಯಾ ನೋಡು.
ನೋಡಿದೆ. ಸರಿಯಿತ್ತು.
ವಿಯೆಸ್ವಾವಾ, ಟ್ರಾಲಿಬಸ್ ಚಾಲಕಿ, ಲುಬ್ಲಿನ್.
ಒಂದನೇ ಪ್ರತಿವಾದಿ.
ಎರಡನೆಯವನು ಅವನ ಅಪ್ಪ,
ಬೇರೆ ಊರು, ಬೇರೆ ಮನೆ.

ಹಳೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.
ನಾನೇ ಹೆಣೆದ ಟೋಪಿ ಅದು, ನಿಜ,
ತಲೆ ಬೆಳೆಯಿತು.

ನಮ್ಮ ನುಡಿಯ ಜಾಯಮಾನವೇ ಹಾಗೆ:
'ನಾನು ಬಂದೆ' ಅನ್ನುವಷ್ಟರಲ್ಲೇ
ಬಂದದ್ದು ಗಂಡೋ ಹೆಣ್ಣೋ
ಕ್ರಿಯಾಪದದ ಬಾಲ ಚಾಡಿ ಹೇಳಿಬಿಡುತ್ತದೆ.
ಆರು ವರ್ಷದಲ್ಲಿ ಜ್ವರ ಬಂದು ಕನವರಿಸುವಾಗ
ಅವನ ಮಾತಿನ ಬಾಲಗಳೆಲ್ಲ ಬೇರೆಯೇ ಇದ್ದವು.
ಕಂಕುಳಲ್ಲಿ ಥರ್ಮಾಮೀಟರ್ ಒತ್ತಿ ಹಿಡಿದು ಕೇಳಿಸಿಕೊಂಡೆ.
ಜ್ವರದ ಮಾತು, ಅಂದುಕೊಂಡೆ.
ಇದನ್ನು ಯಾವ ಜಡ್ಜೂ ಕೇಳಲಿಲ್ಲ.
ಕೇಳಿದ್ದರೆ ತಪ್ಪೊಪ್ಪಿಕೊಳ್ಳುತ್ತಿದ್ದೆ.

ಗುರುತಿನ ಸಂಖ್ಯೆಗೆ ಹನ್ನೊಂದು ಅಂಕಿ.
ಹತ್ತನೆಯದು ಸಮವಾದರೆ ಹೆಣ್ಣು, ಬೆಸವಾದರೆ ಗಂಡು.
ಗಡ್ಡ ಬಂದ ತಿಮೊನ್
ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಪಾರ್ಸೆಲ್ ಬಿಡಿಸಿಕೊಳ್ಳುವಲ್ಲಿ
ಆ ಒಂದು ನಾಲ್ಕಕ್ಕೆ ಸಮಜಾಯಿಷಿ ಕೊಡುತ್ತ ನಿಲ್ಲುತ್ತಾನೆ.
ಸಾಲಿನಲ್ಲಿ ಹಿಂದಿನವರು ಕೆಮ್ಮುತ್ತಾರೆ.

ಅಪ್ಪ ಎರಡು ಸಲ ಬರಲಿಲ್ಲ.
ರಿಜಿಸ್ಟರ್ಡ್ ಪತ್ರ ಮರಳಿ ಬಂತು. ಮುಂದೂಡಿಕೆ.
ಮತ್ತೆ ಮರಳಿತು. ಮುಂದೂಡಿಕೆ. ಆಮೇಲೆ ಬೇಸಿಗೆ ರಜೆ.
ಮೂರನೆಯ ಸಲ ಬಂದ, ನಮ್ಮ ಮದುವೆಯ ಕೋಟಿನಲ್ಲಿ,
ಗುಂಡಿ ಹಾಕಲಾಗದೆ,
ಒಪ್ಪುವುದಿಲ್ಲ ಎಂದು ಹೇಳಿಹೋಗಲು.
ಬಾಲ್ಯದ ಬಗ್ಗೆ ಹೇಳಿ, ಅಂದರು ಜಡ್ಜ್.
ಗಂಟಲು ಸರಿಮಾಡಿಕೊಂಡ.
"ಕೆರೆ ಹೆಪ್ಪುಗಟ್ಟಿತ್ತು. ತೂತು ಕೊರೆದು ಮೀನಿಗೆ ಕೂತಿದ್ದೆವು.
ಎಂಟು ವರ್ಷ ಆಗ. ಚಳಿ ಅನ್ನಲಿಲ್ಲ, ಮನೆಗೆ ಹೋಗೋಣ ಅನ್ನಲಿಲ್ಲ.
ಗಾಳ ಬಿಡದೆ ಕೂತೇ ಇದ್ದ..."

ಇದ್ದ, ಅಂದ.

ಟೈಪು ಮಾಡುತ್ತಿದ್ದ ಹುಡುಗಿಯ ಬೆರಳು ನಿಂತಿತು.
ಅವನಿಗೂ ಕೇಳಿಸಿತು.
ತಿದ್ದಿಕೊಳ್ಳಲು ಬಾಯಿ ತೆರೆದ.
ಮುಚ್ಚಿದ.
ಮತ್ತೇನೂ ಹೇಳಲಿಲ್ಲ.

ನಾವಿಬ್ಬರೂ ಸೋತೆವು.
ಮೊಕದ್ದಮೆ ಸೋತವಳು ಗೆದ್ದವನನ್ನು ತಬ್ಬಿ
ಕಾರಿಡಾರಿನಲ್ಲಿ ಗೊಳೋ ಎಂದು ಅತ್ತರೆ
ಕಾವಲಿನವನು ಏನು ಮಾಡಬೇಕು, ಪಾಪ.
ಕಿಟಕಿಯಾಚೆ ನೋಡಿದ.

ಈಗ ಪಾಳಿಯಿಲ್ಲದ ಶನಿವಾರಗಳಲ್ಲಿ
ಹಳೆಯ ಊರಿನ ಹೆಬ್ಬಾಗಿಲ ಬಳಿ
ಮಡಿಸುವ ಮೇಜು ಹಾಕಿ ನಿಲ್ಲುತ್ತೇನೆ.
ಹೆತ್ತವರ ಮೇಲೆ ದಾವೆ ಹೂಡದೆಯೇ
ಮಕ್ಕಳಿಗೆ ತಮ್ಮ ಗುರುತು ಸಿಗಲಿ:
ಅರ್ಜಿಯಲ್ಲಿ ಇರುವುದು ಇಷ್ಟೇ, ಉಳಿದದ್ದು ಸಹಿಗೆ ಜಾಗ.
ನಾಯಿ ಹಿಡಿದುಕೊಂಡು ಬಂದವನೊಬ್ಬ ಓದಿ ಕೇಳಿದ:
ನಿಮ್ಮದು ಮುಗಿಯಿತಲ್ಲ, ಇನ್ನೂ ಯಾಕೆ?
ನನ್ನ ಮನೆ ಏಳನೇ ಸ್ಟಾಪಿನಲ್ಲಿದೆ, ಅಂದೆ.
ಬಸ್ಸನ್ನು ಅಲ್ಲೇ ಬಿಟ್ಟು ಇಳಿದುಹೋಗಲೆ?
ಸಹಿ ಹಾಕಲಿಲ್ಲ.
ನಾಯಿಗೆ ಮಾತ್ರ ಇನ್ನಷ್ಟು ಹೊತ್ತು ನಿಲ್ಲುವ ಮನಸ್ಸಿತ್ತು.

ಆಮೇಲೆ ಬೀಟ್‌ರೂಟ್ ಚೀಲದ ಮುದುಕಿ.
ಕೈಗವಸು ತೆಗೆದು, ಕನ್ನಡಕ ಹುಡುಕಿ, ಬಗ್ಗಿದಳು.
ಪೆನ್ನು ಬರೆಯಲೊಲ್ಲದು, ಶಾಯಿ ಚಳಿಗೆ ಕಟ್ಟಿದೆ.
ಒಂದು ನಿಮಿಷ ಇರಿ, ಅಂದೆ.
ಕೋಟಿನೊಳಗೆ ಕೈ ಹಾಕಿ
ಪೆನ್ನನ್ನು ಕಂಕುಳಲ್ಲಿ ಒತ್ತಿ ಹಿಡಿದೆ.
ಮುದುಕಿ ಕಾದಳು. ನಾನೂ ಕಾದೆ.
ಎಷ್ಟು ಹೊತ್ತು ಹಿಡಿಯಬೇಕೆಂದು
ನನಗೆ ಗೊತ್ತು.