ನೀಲಿಯಿಲ್ಲದ ನೀರು

ಮಳೆಗಾಲದಲ್ಲೇ ಸುಲಿಯಬೇಕು ತೊಗಟೆ,
ಮರದೊಳಗೆ ರಸ ಏರಿರುವಾಗ.
ಆಗ ಅದು ತಾನಾಗಿ ಬಿಟ್ಟುಕೊಡುತ್ತದೆ,
ಜ್ವರ ಇಳಿದ ಮಗು ಹೊದಿಕೆ ತಳ್ಳುವ ಹಾಗೆ.
ಬೆಂಕಿಗೆ ಹಿಡಿದು, ಮರಳ ಮೇಲೆ ಮಲಗಿಸಿ,
ಕಲ್ಲು, ಹಳೆಯ ಟೈರು, ಸತ್ತ ಜೀಪಿನ ಬ್ಯಾಟರಿ ಹೇರಿ
ಎರಡು ವಾರ ಬಿಟ್ಟೆವು.
ಆದರೂ ಒಂದು ಮೂಲೆ ಮುದುರಿಕೊಂಡೇ ಇತ್ತು.
"ಇರಲಿ" ಅಂದಳು ವುಯುಲಾ ಅಜ್ಜಿ,
"ಅದಕ್ಕೂ ಒಂದಿಷ್ಟು ಹಟ ಬೇಡವೇ."

ಕುಂಚಕ್ಕೆ ನನ್ನ ಕೂದಲು.
ಕಿವಿಯ ಹಿಂದಿನದೇ ಆಗಬೇಕು, ಅದು ನೆಟ್ಟಗೆ ಬೀಳುತ್ತದೆ.
ಹದಿನೈದು ಎಳೆ, ಕಡ್ಡಿಗೆ ದಾರದಿಂದ ಬಿಗಿದು
ಬಿಳಿ ಜೇಡಿಯಲ್ಲಿ ಅದ್ದಿ
ಉದ್ದಕ್ಕೆ ಮಲಗಿಸಿ ಎಳೆಯುತ್ತಾಳೆ, ಉಸಿರು ಕಟ್ಟಿ.
ಗೆರೆ ಮುಗಿದ ಮೇಲೆ ಉಸಿರು.
ಮತ್ತೆ ಗೆರೆ.
ನನ್ನ ಕೂದಲು ನನಗಿಂತ ಮೊದಲು
ಆ ನೆಲದ ದಾರಿ ಕಲಿಯಿತು.

ಕೆಂಪು ಕಲ್ಲು ತೇಯ್ದದ್ದು, ಹಳದಿ ತೇಯ್ದದ್ದು, ಇದ್ದಿಲು, ಜೇಡಿ.
ನಾಲ್ಕೇ.
ಗೆರೆಯ ಮೇಲೆ ಓರೆಗೆರೆ ಬಿದ್ದಂತೆಲ್ಲ
ತೊಗಟೆ ಅಲುಗತೊಡಗುತ್ತದೆ:
ಇದು ಕಲ್ಲಿನೊಳಗಿಂದ ಇಳಿದ ಸಿಹಿನೀರು,
ಇದು ಉಬ್ಬರದಲ್ಲಿ ಏರಿ ಬಂದ ಉಪ್ಪುನೀರು,
ಇಲ್ಲಿ ಎರಡೂ ತಬ್ಬಿ ನೊರೆಯಾಗುತ್ತವೆ.
ಇದು ಅಜ್ಜಿಯ ತಾಯಿಯ ಕುಲದ ಜಾಗ.
ಬರೆಯುವ ಮೊದಲು ಸೋದರಮಾವನನ್ನು ಕೇಳಿ ಬಂದಿದ್ದಾಳೆ;
ಅವನು ಮೂರು ದಿನ ಮೀನು ಹಿಡಿಯುತ್ತ ಯೋಚಿಸಿ
ಹೂಂ ಅಂದ.

ನಡುವೆ ಬುಗ್ಗೆ. ಅದರ ಮೇಲೆ ಗೆರೆ ದಟ್ಟ.
"ಕೆಳಗೇನಿದೆ?" ಕೇಳಿದೆ.
"ಗೆರೆ" ಅಂದಳು.

ಶುಕ್ರವಾರ ಡಾರ್ವಿನ್ನಿನಿಂದ ಬಂದ ಸರ್ವೆಯವನು
ಮೇಜಿನ ಮೇಲೆ ನಕ್ಷೆ ಹಾಸಿದ.
ಒಳ್ಳೆಯವನೇ. ಬಿಸ್ಕತ್ತು ತಂದಿದ್ದ, ಬೂಟು ಹೊರಗೇ ಬಿಟ್ಟಿದ್ದ.
ನಮ್ಮ ಬುಗ್ಗೆ ಅದರಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆ,
ಪಕ್ಕದಲ್ಲಿ ಸಣ್ಣಕ್ಷರ: ಬೇಸಗೆಯಲ್ಲಿ ಒಣಗುತ್ತದೆ.
ಅಜ್ಜಿ ಕನ್ನಡಕ ಏರಿಸಿ ನೋಡಿದಳು.
"ನೀರು ನೀಲಿ ಅಂತ ಇವನಿಗೆ ಯಾರು ಹೇಳಿದರು?"
ನಾನು ಅವನ ಭಾಷೆಗೆ ತಂದೆ, ಅರ್ಧ.
ಅವನು ನಕ್ಕ. ಆಮೇಲೆ ನಗಲಿಲ್ಲ.
ಗೋಡೆಗೊರಗಿದ ತೊಗಟೆಯ ಮೇಲೆ
ಬಾಗಿಲ ಬೆಳಕು ಜಾರಿ
ಕೆಂಪು ಬಿಳಿ ಕಪ್ಪು ಹರಿಯುತ್ತಿತ್ತು.
ಚಹಾದಲ್ಲಿ ಅವನ ಬಿಸ್ಕತ್ತು ಮುರಿದು ಬಿತ್ತು.

ಎಷ್ಟು ಆಳ, ಕೇಳಿದ.
ಅಜ್ಜಿ ಬೆರಳು ಮಡಿಸುತ್ತ ಹೋದಳು:
ತನ್ನವ್ವ, ಅವಳವ್ವ,
ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಇಲ್ಲಿ ನೀರು ಕುಡಿದವಳು,
ಆ ನೀರಿಗೆ ಮೊದಲು ಹೆಸರಿಟ್ಟು ಕೂಗಿದವಳು...
ಬೆರಳು ಮುಗಿದವು.
ನನ್ನ ಕೈ ಎಳೆದುಕೊಂಡು
ಮುಂದುವರಿಸಿದಳು.