ಎರಡು ಸಲ ಕೊಟ್ಟ ಹುಡುಗ

ಖೋಟಾ ನೋಟು ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತದೆ.
ಇಪ್ಪತ್ತಾರು ವರ್ಷ ಈ ಗಲ್ಲಾದ ಮೇಲೆ,
ದಾವಣಗೆರೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ,
ಬೆಣ್ಣೆ ಹತ್ತಿದ ನೋಟು, ಒದ್ದೆ ನೋಟು,
ಮಂಡಕ್ಕಿ ಭಟ್ಟಿಯವರ ಬೂದಿ ನೋಟು,
ಮುಟ್ಟಿದರೆ ಸಾಕು, ಕಾಗದ ತಾನೇ ತನ್ನ ಊರು ಹೇಳುತ್ತಿತ್ತು.

ಆ ಭಾನುವಾರ ಮುಟ್ಟಲು ಏನೂ ಇರಲಿಲ್ಲ.

ಗೋಡೆಗೊಂದು ಚೌಕ, ಕರಿಎಳ್ಳು ಚೆಲ್ಲಿದ ಹಾಗೆ.
ಜನ ಅದಕ್ಕೆ ಆರತಿಯಂತೆ ಫೋನು ಹಿಡಿಯುತ್ತಾರೆ,
ಪಕ್ಕದ ಡಬ್ಬಿ ಕೂಗುತ್ತದೆ, ಎಪ್ಪತ್ತು ರೂಪಾಯಿ ಬಂದಿದೆ ಎಂದು.
ಆವತ್ತು ಕೂಗಲಿಲ್ಲ.
"ನೆಟ್‌ವರ್ಕ್ ಇರಲಿಕ್ಕಿಲ್ಲ ಬಿಡ್ರಿ" ಅಂದ ಸಪ್ಲೈಯರ್ ಕೊಟ್ರೇಶಿ.
ನಾನೂ ಅದರ ನೆತ್ತಿಗೆ ಎರಡು ಬಾರಿಸಿ ಸುಮ್ಮನಾದೆ.
ಒಳಗೆ ಸೌದೆ ಒಲೆ, ಹೊರಗೆ ಸಾಲು,
ಕಾವಲಿ ಮೇಲೆ ಒಮ್ಮೆಗೆ ಹನ್ನೆರಡು ದೋಸೆ.
ಯಾರಿಗೆ ಪುರುಸೊತ್ತು?
ತೋರಿಸಿದರು, ನೋಡಿದೆ, ಹೋದರು.
ಹಸಿರು ಟಿಕ್ಕು ನೋಡಿದೆ. ಮೊತ್ತ ನೋಡಿದೆ.
ಅದರ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ಯಾರದೋ ಹೆಸರು.
ಅದನ್ನು ಓದುವ ಕನ್ನಡಕ
ಮೊಳೆಗೆ ತೂಗುತ್ತಿತ್ತು.

ಅಷ್ಟರಲ್ಲಿ ಆ ಹುಡುಗ. ಹಾಸ್ಟೆಲಿನವನಿರಬೇಕು,
ಸ್ನಾನವಿಲ್ಲದ ಭಾನುವಾರದ ಮುಖ, ಎಡಗಾಲ ಚಪ್ಪಲಿಗೆ ಪಿನ್ನು.
ಮೂರು ಬೆಣ್ಣೆ, ಒಂದು ಖಾಲಿ: ಇನ್ನೂರ ನಲವತ್ತು.
"ಹೋಗೇತಿ ನೋಡ್ರಿ, ದುಡ್ಡು ಕಟ್ಟಾಗೇತಿ" ಎಂದು ಫೋನು ಎತ್ತಿದ.
ಹಿಂದಿನ ವಾರವಷ್ಟೇ ಒಬ್ಬ ಹಳೇ ಸ್ಕ್ರೀನ್‌ಶಾಟ್ ತೋರಿಸಿ
ಆರುನೂರಕ್ಕೆ ಟೋಪಿ ಹಾಕಿದ್ದ. ಆ ಸಿಟ್ಟಿನ್ನೂ ಹಸಿಯಿತ್ತು.
"ಡಬ್ಬಿ ಕೂಗಿಲ್ಲಪ. ಇದೇ ಫೋಟೋ ಇನ್ನೆಷ್ಟು ಹೋಟ್ಲಿಗೆ ತೋರಿಸ್ತಿ?
ಮನಿಯಾಗ ಇದನ್ನ ಕಲಿಯಾಕ ಕಳಿಸ್ಯಾರೇನು?"
ಸಾಲು ತಿರುಗಿ ನೋಡಿತು.
ಯಾರೋ ನಕ್ಕರು.
ಅವನ ಕಿವಿ ಕೆಂಪಾದದ್ದು ಗಲ್ಲಾದಿಂದಲೇ ಕಂಡಿತು.
ಜೇಬು, ಗೆಳೆಯರ ಜೇಬು, ಕೊನೆಗೆ ಬ್ಯಾಗಿನ ತಳ:
ನೂರರವು ಎರಡು, ಉಳಿದದ್ದು ಚಿಲ್ಲರೆ.
ಎಣಿಸಿಕೊಂಡೆ.
ಹೆಬ್ಬೆರಳಿಂದ ಉಜ್ಜಿಯೂ ನೋಡಿದೆ.

ನಾಲ್ಕು ಗಂಟೆಗೆ ಮುಸುರೆ ತಿಕ್ಕುವ ಹಾಲಮ್ಮ
ಗೋಡೆ ಒರೆಸುತ್ತಾ ನಿಂತುಬಿಟ್ಟಳು.
"ಅಣ್ಣಾರ, ಇದರ ಕುಂಕುಮ ಎಲ್ಲಿ ಹೋತ್ರಿ?"
ಆಯುಧಪೂಜೆ ದಿನ ಕಾವಲಿಗೆ, ರುಬ್ಬೋ ಮಷೀನಿಗೆ, ಡಬ್ಬಿಗೆ,
ಈ ಚೌಕದ ಮೂಲೆಗೂ ಬೊಟ್ಟಿಟ್ಟವಳು ಅವಳೇ.
ಓದು ಬಾರದು.
ತಾನಿಟ್ಟ ಬೊಟ್ಟು ಎಲ್ಲಿರಬೇಕೆಂದು ಗೊತ್ತು.

ಉಗುರು ಹಾಕಿದೆ. ಅಂಚು ಎದ್ದಿತು,
ಹದವಾಗಿ ಬೆಂದ ದೋಸೆ ಕಾವಲಿ ಬಿಡುವ ಹಾಗೆ, ಅಷ್ಟು ಸಲೀಸು.
ಕೆಳಗೆ ನಮ್ಮದು. ಜಿಡ್ಡು, ಮಾಸಿದ ಕೆಂಪು.
ಬೀಗ ಒಡೆದಿರಲಿಲ್ಲ, ಹೆಂಚು ಸರಿಸಿರಲಿಲ್ಲ.
ಬಾಗಿಲಲ್ಲೇ ಬಂದು, ಬಹುಶಃ ನಮ್ಮದೇ ಲೋಟದಲ್ಲಿ ನೀರು ಕುಡಿದು,
ಅಂಗೈಯಗಲ ಅಂಟು ಒತ್ತಿ ಹೋಗಿದ್ದ.
ಹದಿನೆಂಟು ಸಾವಿರದ ಮುನ್ನೂರು.

ಒಂದು ಒಂಬತ್ತು ಮೂರು ಸೊನ್ನೆ ಒತ್ತಿದೆವು.
ಹೆಣ್ಣುದನಿಯೊಂದು ನಂಬರು ಬರೆಸಿತು.
ಠಾಣೆಯಲ್ಲಿ ಎಳೇ ಮೀಸೆಯ ಪೊಲೀಸಪ್ಪ,
"ಈಗ ಎದ್ದು ಹೋದ್ರಲ್ಲ, ಲಾಡ್ಜಿನೋರು.
ಅವರ ಹೆಸರಾಗ ಬ್ಯಾರೆ ಯಾರೋ ರೂಮು ಬುಕ್ ಮಾಡಿ
ಅಡ್ವಾನ್ಸ್ ತಗೋತಿದ್ರಂತ. ನೀವು ಕೂಡ್ರಿ" ಅಂದ.
ಬಂದರೆ ಬಂತು ದುಡ್ಡು.

ರಾತ್ರಿ ಲೆಕ್ಕ ಬರೆಯುವಾಗ ಪೆನ್ನು ನಿಂತದ್ದು ಬೇರೆಲ್ಲೋ.
ಫೋನು ಹಿಡಿದು ಬಂದ ಅಷ್ಟೂ ಜನರಲ್ಲಿ
ನನಗೆ ನಿಜವಾಗಿ ಹಣ ಮುಟ್ಟಿಸಿದವನು
ನಾನು ಕಳ್ಳ ಅಂದವನೊಬ್ಬನೇ.

ಈಗ ಶಟರ್ ಎತ್ತಿದ ಕೂಡಲೇ
ಚೌಕದ ನಾಲ್ಕೂ ಮೂಲೆಗೆ ಉಗುರು ಆಡಿಸುತ್ತೇನೆ.
ಗಿರಾಕಿಗಳಿಂದ ಹೆಸರು ಓದಿಸುತ್ತೇನೆ, ಗೊಣಗುತ್ತಾರೆ, ಓದುತ್ತಾರೆ.
ಇನ್ನೂರ ನಲವತ್ತು ಬೇರೆ ಇದೆ, ಬೆಣ್ಣೆಕಾಗದದಲ್ಲಿ ಸುತ್ತಿ,
ಗಲ್ಲಾದ ಎಡ ಮೂಲೆಗೆ.
ಹಾಸ್ಟೆಲ್ ಹುಡುಗರು ಬಂದರೆ ಮೊದಲು ಕಾಲು ನೋಡುತ್ತೇನೆ.
ಅವನು ಹೊಸ ಚಪ್ಪಲಿ ಕೊಂಡಿರಬಹುದು,
ಬೇರೆ ಹೋಟೆಲು ಹಿಡಿದಿರಬಹುದು.
ಮುಖ ನೆನಪಿಲ್ಲ ನೋಡ್ರಿ.
ಕಿವಿ ನೆನಪೈತಿ.