ತಾನೇ ಬಿಚ್ಚುವ ಗಂಟು

ಮೂರು ಕ್ಲಿಪ್ಪು ಹಾಕಿದ್ದೇನೆ, ಅಂದಳು ಡಾಕ್ಟರ್ ಸಬೇಲಾ,
ನನ್ನ ಮೊಮ್ಮಗಳ ವಯಸ್ಸಿನವಳು.
ಪರದೆಯ ಮೇಲೆ ತೋರಿಸಿದಳು:
ಒದ್ದೆ ಗುಲಾಬಿ ಗುಹೆ, ಗೋಡೆಯಲ್ಲಿ
ಅಣಬೆ ಕಿತ್ತ ಜಾಗ,
ಅಂಚಿಗೆ ಅಂಚು ಕೂಡಿಸಿ ಕಚ್ಚಿ ಹಿಡಿದ
ಮೂರು ಬೆಳ್ಳಿ ಏಡಿ.

ನಲವತ್ತೊಂಬತ್ತು ವರ್ಷ ಮಲ್ಪಿಕಾ ಬಂದರಿನ ಕಟ್ಟೆಯ ಮೇಲೆ
ಕಾಲು ಚಾಚಿ ಕೂತು ಬಲೆ ಹೊಲಿದವಳು, ಡೋರಿಂಡಾ ನಾನು.
ಹರಕು ಎಂದರೇನೆಂದು ನನಗೆ ಹೇಳಬೇಕೆ?
ಡಾಲ್ಫಿನ್ ಹರಿದದ್ದು ಬೇರೆ, ಬಂಡೆ ಹರಿದದ್ದು ಬೇರೆ.
ಮೊದಲು ಅಂಚು ಕತ್ತರಿಸಿ ಸರಿಮಾಡಬೇಕು,
ಆಮೇಲೆ ಸೂಜಿ.
ಗಂಟು ಗಟ್ಟಿಯೇ, ಕೇಳಿದೆ.
ಕೆಲವು ವಾರ ಹಿಡಿದಿರುತ್ತೆ, ಆಮೇಲೆ ತಾನೇ ಕಳಚಿ
ಹೋಗುತ್ತೆ, ನಿಮಗೆ ಗೊತ್ತೂ ಆಗೋಲ್ಲ.
ಉದುರಲಿ ಅಂತಲೇ ಹಾಕಿದ ಗಂಟು!
ನಾನು ಹಾಗೆ ಕಟ್ಟಿದ್ದರೆ ಅಮ್ಮ ಕೈಗೆ ಬಾರಿಸುತ್ತಿದ್ದಳು.

ನನ್ನ ರಕ್ತ ತೆಳು. ಹುಟ್ಟಿನಿಂದಲ್ಲ, ಮಾತ್ರೆಯಿಂದ,
ತಾಳ ತಪ್ಪಿದ ಎದೆಗೆಂದು ಕೊಟ್ಟದ್ದು.
ಅದನ್ನು ಮೊದಲೇ ನಿಲ್ಲಿಸಿದ್ದರು;
ಮತ್ತೆ ಯಾವ ದಿನ ಶುರುವೆಂದು
ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟರು.
ಬೇಗ ನುಂಗಿದರೆ ಗಾಯ ಸೋರೀತು,
ತಡವಾದರೆ ಎದೆಯಲ್ಲಿ ಹೆಪ್ಪುಗಟ್ಟೀತು.
ಎರಡು ಅಲೆಗಳ ನಡುವೆ ದೋಣಿ ನುಗ್ಗಿಸುವ ಹೊತ್ತು ಅದು.
ತಮ್ಮ ಎಲಾದಿಯೋಗೆ ಹೇಳಿದೆ. ತಲೆಯಾಡಿಸಿದ,
ಮತ್ತೇನೂ ಕೇಳಲಿಲ್ಲ.

ಹದಿನಾಲ್ಕು ದಿನ ಭಾರ ಎತ್ತಕೂಡದು.
ಒದ್ದೆ ಬಲೆಗಿಂತ ಭಾರ ಯಾವುದಿದೆ?
ಹೆರ್ಮಿತಾಸ್ ಒಬ್ಬಳೇ ಎಳೆದಳು, ಗೊಣಗುತ್ತ.
ನಾನು ಸೂಜಿಗೆ ದಾರ ಸುತ್ತಿ ಸುತ್ತಿ ಕೊಟ್ಟೆ
ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯ ಹಾಗೆ.

ದಿನಾ ಬೆಳಿಗ್ಗೆ ಬಗ್ಗಿ ನೋಡುವುದು,
ನೀರಿನ ಬಣ್ಣ ಏನು ಹೇಳುತ್ತದೆ ಅಂತ.
ಎಂಟನೆಯ ದಿನ ಕೆಂಪು.
ಚೌಕಟ್ಟು ಹಿಡಿದು ನಿಂತೇ ಆಸ್ಪತ್ರೆಗೆ ಫೋನು ಮಾಡಿದೆ.
ಗಡ್ಡೆಗಡ್ಡೆಯಾಗಿದೆಯೇ? ಇಲ್ಲ.
ತಲೆ ಸುತ್ತುತ್ತಿದೆಯೇ? ಹೆದರಿಕೆಗೆ, ಒಂಚೂರು.
ರಾತ್ರಿ ಏನು ತಿಂದಿರಿ?
ಸುಮ್ಮನಾದೆ.
ಬೋಗುಣಿಯಲ್ಲಿ ಇನ್ನೂ ಅರ್ಧ ಉಳಿದಿತ್ತು
ಬೀಟ್‌ರೂಟ್.
ಆದರೂ ಬನ್ನಿ, ಒಮ್ಮೆ ನೋಡಿಬಿಡೋಣ,
ಅಂದಳು ನರ್ಸು, ನಗದೆ.
ಆ ನಗದಿದ್ದ ಋಣ ನನ್ನ ಮೇಲಿದೆ.

ಈಗ ತಿಂಗಳಾಯಿತು. ಏಡಿಗಳು ಎಂದು ಹೋದವೋ!
ಕೊಳವೆ ಹಾದು, ಊರ ಕೆಳಗಿನ ಕತ್ತಲೆ ಹಾದು
ಕಡಲು ಸೇರಿರಬಹುದು,
ಕೆಲಸ ಮುಗಿಸಿ ಹೇಳದೆ ಹೊರಟವರಂತೆ.
ಒದ್ದೆ ಬಲೆ ಮತ್ತೆ ತೊಡೆಯ ಮೇಲಿದೆ.
ಒಂದೊಂದೇ ಕಣ್ಣು ಬಿಡಿಸಿ ನೋಡುತ್ತೇನೆ.
ಇಲ್ಲ, ಸಿಗುವುದಿಲ್ಲ.
ನಾನು ಹೆಣೆದ ಯಾವ ಕಣ್ಣಿಗೂ
ಅವು ತೀರ ಸಣ್ಣವು.